ತಾನೇ ಕಟ್ಟಿದ ಕಟಕಟೆಯಲ್ಲಿ ಮೆಕಾಲೆ

ಶಿಕ್ಷಣದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಾಗಲೆಲ್ಲ ಒಬ್ಬ ಇಂಗ್ಲಿಷಿನವನ ಹೆಸರು ಬೈಗುಳದ ರೂಪದಲ್ಲಿ ಬಂದೇ ಬರುತ್ತದೆ. ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ತೀರಿಕೊಂಡದ್ದು 1859ರಲ್ಲಿ. ಆದರೂ ಆತನ ಮೇಲಿನ ಸಿಟ್ಟು ನಮ್ಮಲ್ಲಿ ಇನ್ನೂ ಆರಿಲ್ಲ. ಈ ಸಿಟ್ಟಿಗೆ ಆಧಾರವಾಗಿ ಒಂದು ಭಾಷಣವೂ ಕೈಯಿಂದ ಕೈಗೆ ದಾಟುತ್ತಿರುತ್ತದೆ. 1835ರ ಫೆಬ್ರುವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಮಾತನಾಡಿದ ಮೆಕಾಲೆ, ಭಾರತದ ಉದ್ದಗಲ ಸುತ್ತಿದರೂ ಒಬ್ಬ ಭಿಕ್ಷುಕನನ್ನಾಗಲಿ ಒಬ್ಬ ಕಳ್ಳನನ್ನಾಗಲಿ ಕಾಣಲಿಲ್ಲವೆಂದೂ, ಇಂಥ ದೇಶವನ್ನು ಗೆಲ್ಲಬೇಕಾದರೆ ಅದರ ಸಂಸ್ಕೃತಿಯ ಬೆನ್ನೆಲುಬನ್ನೇ ಮುರಿಯಬೇಕೆಂದೂ ಹೇಳಿದನಂತೆ. ಭಿತ್ತಿಪತ್ರಗಳಲ್ಲಿ, ವೇದಿಕೆಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಇದು ಎಷ್ಟು ಬಾರಿ ಕಾಣಿಸಿಕೊಂಡಿದೆಯೋ ಲೆಕ್ಕವಿಲ್ಲ.

ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ, ಕಲ್ಕತ್ತೆಯಲ್ಲಿದ್ದ. ಸಂಸತ್ತಿನ ಸ್ಥಾನವನ್ನು ಬಿಟ್ಟು ಸುಮಾರು ಒಂದು ವರ್ಷವಾಗಿತ್ತು. ಆ ದಿನಾಂಕದ ಬರಹವೊಂದು ಇದೆ ನಿಜ. ಅದು ಶಿಕ್ಷಣದ ಕುರಿತ ಆತನ ಪ್ರಸಿದ್ಧ ಟಿಪ್ಪಣಿ. ಮೇಲಿನ ಮಾತುಗಳು ಅದರಲ್ಲಿಲ್ಲ. ಯಾರೋ ಸೃಷ್ಟಿಸಿದ ಮಾತುಗಳಿಗೆ ಆತನ ಹೆಸರನ್ನೂ ನಿಜವಾದ ಒಂದು ದಿನಾಂಕವನ್ನೂ ಅಂಟಿಸಲಾಗಿದೆ.

ಈ ನಕಲಿ ಭಾಷಣ ಮೆಕಾಲೆಯ ಕೃತ್ಯವನ್ನು ವಿವರಿಸುವುದಿಲ್ಲ. ಅದಕ್ಕೆ ಎಲ್ಲರಿಗೂ ಗೊತ್ತಿರುವ ದಾಖಲೆಗಳಿವೆ. ನಕಲಿ ಭಾಷಣ ಒದಗಿಸುವುದು ಆತನ ಉದ್ದೇಶವನ್ನು. ಕೃತ್ಯ ಕಣ್ಣಿಗೆ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಕಾಣದ ಕಡೆ ನಮಗೆ ಬೇಕಾದುದನ್ನು ತುಂಬಿಕೊಳ್ಳುವುದು ಸುಲಭ. ಹಾಗೆ ತುಂಬಿಕೊಳ್ಳಬಾರದು, ಮಾಡಿದವನ ಮನಸ್ಸಿನಲ್ಲಿ ಏನಿತ್ತೆಂದು ಕೇಳದೆ ಶಿಕ್ಷಿಸಬಾರದು ಎಂಬ ನಿಯಮವನ್ನು ಭಾರತದ ದಂಡ ಕಾನೂನಿನಲ್ಲಿ ಕಲಮು ಕಲಮಿಗೂ ಬರೆದಿಟ್ಟವನು ಇದೇ ಮೆಕಾಲೆ. ಆತನ ಬದುಕನ್ನು ಈ ದಿಕ್ಕಿನಿಂದ ನೋಡಿದವರು ಕಡಿಮೆ.

ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ. ತಂದೆ ಜಕಾರಿ ಮೆಕಾಲೆ ಹದಿಹರೆಯದಲ್ಲಿ ಜಮೈಕಾದ ಕಬ್ಬಿನ ತೋಟದಲ್ಲಿ ಕೆಲಸಕ್ಕಿದ್ದು, ಗುಲಾಮರ ಪಾಡನ್ನು ಕಣ್ಣಾರೆ ಕಂಡವನು. ಮುಂದೆ ಆತ ತನ್ನ ಬದುಕನ್ನೇ ಗುಲಾಮಗಿರಿಯ ನಿರ್ಮೂಲನೆಗೆ ಮುಡಿಪಿಟ್ಟ. ಮನೆಯಲ್ಲಿ ಕಟ್ಟುನಿಟ್ಟಾದ ದೈವಭಕ್ತಿಯ ವಾತಾವರಣ. ಮಗನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಏಳೆಂಟು ವರ್ಷಕ್ಕೇ ಜಗತ್ತಿನ ಚರಿತ್ರೆಯನ್ನು ಸಂಗ್ರಹಿಸಿ ಬರೆಯಲು ಕುಳಿತ ಹುಡುಗ ಅವನು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಅವನಿಗೆ ಒಗ್ಗಲಿಲ್ಲ, ಸಾಹಿತ್ಯ ಒಲಿಯಿತು. 1825ರಲ್ಲಿ ಎಡಿನ್‌ಬರೊ ರಿವ್ಯೂ ಪತ್ರಿಕೆಯಲ್ಲಿ ಕವಿ ಮಿಲ್ಟನ್‌ನ ಮೇಲೆ ಬರೆದ ಪ್ರಬಂಧದಿಂದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೆಸರು ಬಂದಿತು.

ಮರುವರ್ಷ ವಕೀಲನಾಗಿ ನೋಂದಾಯಿಸಿಕೊಂಡನಾದರೂ ವಕೀಲಿಕೆ ನಡೆಯಲಿಲ್ಲ. ಕೋಳಿ ಕದ್ದ ಹುಡುಗನೊಬ್ಬನಿಗೆ ಶಿಕ್ಷೆ ಕೊಡಿಸಿದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಮೊಕದ್ದಮೆ ಆತನ ಕೈಗೆ ಬರಲಿಲ್ಲವೆಂದು ಆತನ ಸೋದರಳಿಯ ಬರೆದ ಜೀವನಚರಿತ್ರೆಯಿಂದ ತಿಳಿಯುತ್ತದೆ. ಕೋಟ್ಯಂತರ ಜನರ ಅಪರಾಧ ಕಾನೂನನ್ನು ಬರೆಯಲಿದ್ದವನ ನ್ಯಾಯಾಲಯದ ಅನುಭವ ಇಷ್ಟೇ. 1830ರಲ್ಲಿ ಸಂಸತ್ತನ್ನು ಪ್ರವೇಶಿಸಿದ. ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣಾ ಮಸೂದೆಯ ಪರವಾಗಿ 1831ರಲ್ಲಿ ಮಾಡಿದ ಭಾಷಣಗಳು ಆತನನ್ನು ಮುಂಚೂಣಿಗೆ ತಂದವು. ಅಷ್ಟರಲ್ಲಿ ತಂದೆಯ ವ್ಯಾಪಾರ ಮುಳುಗಿ, ಸಾಲವೂ ಸಂಸಾರವೂ ಹಿರಿಯ ಮಗನ ತಲೆಯ ಮೇಲೆ ಬಂದಿದ್ದವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಬರುವ ಒಂದು ಪ್ರಸಂಗ ವಿಶೇಷವಾಗಿ ಪ್ರಿಯವಾದದ್ದು. ಉಪಯುಕ್ತತಾವಾದಿ ಜೇಮ್ಸ್ ಮಿಲ್ ರಾಜ್ಯಾಡಳಿತದ ಬಗ್ಗೆ ಬರೆದ ಪ್ರಬಂಧವನ್ನು ಮೆಕಾಲೆ 1829ರಲ್ಲಿ ನಿರ್ದಯವಾಗಿ ಖಂಡಿಸಿದ್ದ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಮಿಲ್ ಪ್ರಭಾವಿ ಅಧಿಕಾರಿ. 1833ರ ಸನ್ನದು ಕಾಯ್ದೆ ಗವರ್ನರ್ ಜನರಲ್‌ನ ಮಂಡಳಿಯಲ್ಲಿ ಕಾನೂನು ಸದಸ್ಯನ ಹೊಸ ಹುದ್ದೆಯನ್ನು ಸೃಷ್ಟಿಸಿದಾಗ, ಅದಕ್ಕೆ ಮೆಕಾಲೆಯ ಹೆಸರು ಬಂತು. ಹಳೆಯ ಹಗೆ ತೀರಿಸಿಕೊಳ್ಳಲು ಮಿಲ್‌ಗೆ ಅದು ಸದವಕಾಶ. ಆದರೆ ಆತ ಮೆಕಾಲೆಯನ್ನೇ ಬೆಂಬಲಿಸಿದ. ವಿರೋಧಿಯ ಬರಹವನ್ನು ಕಂಡು ಆತನ ಮನಸ್ಸೇ ಕೆಟ್ಟದ್ದೆಂದು ತೀರ್ಮಾನಿಸದಿರುವ ಆ ಸಂಯಮ ಯಾವ ಕಾಲಕ್ಕೂ ಅಪರೂಪ. ವರ್ಷಕ್ಕೆ 10,000 ಪೌಂಡ್ ಸಂಬಳದ ಹುದ್ದೆ. ಕೆಲವು ವರ್ಷ ದುಡಿದು ಉಳಿಸಿದರೆ ಮನೆಯವರ ಚಿಂತೆ ತೀರುತ್ತದೆಂಬ ಲೆಕ್ಕದಿಂದಲೇ ತಾನು ಒಪ್ಪಿಕೊಂಡೆನೆಂಬುದನ್ನು ಮೆಕಾಲೆ ಮುಚ್ಚಿಡಲಿಲ್ಲ.

1834ರ ಜೂನ್‌ನಲ್ಲಿ ಆತ ಮದ್ರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಗ ಊಟಿಯಲ್ಲಿದ್ದುದರಿಂದ ಅಲ್ಲಿಗೇ ಹೋಗಬೇಕಾಯಿತು. ಬೋಯಿಗಳು ಸರದಿಯ ಮೇಲೆ ಹೊತ್ತ ಪಲ್ಲಕ್ಕಿಯಲ್ಲಿ, ಪುಸ್ತಕ ಓದುತ್ತ, ಆತ ಆರ್ಕಾಟಿನಿಂದ ಬೆಂಗಳೂರಿಗೆ ಬಂದ. ಮೈಸೂರಿನ ಆಡಳಿತ ಕಂಪನಿಯ ಕೈಸೇರಿ ಆಗಿನ್ನೂ ಮೂರು ವರ್ಷ. ಬೆಂಗಳೂರಿನಲ್ಲಿ ಕರ್ನಲ್ ಕಬ್ಬನ್‌ನ ಅತಿಥಿಯಾಗಿದ್ದು, ಬಳಿಕ ಶ್ರೀರಂಗಪಟ್ಟಣದಲ್ಲಿ ಕೋಟೆಯನ್ನೂ ಟಿಪ್ಪುವಿನ ಸಮಾಧಿಯನ್ನೂ ನೋಡಿದ. ಮೈಸೂರಿನಲ್ಲಿ, ಅಧಿಕಾರ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಅವನಿಗೆ ತಮ್ಮ ಚಿತ್ರಸಂಗ್ರಹವನ್ನು ತೋರಿಸಿದರು. ಕನ್ನಡ ನಾಡನ್ನು ಆತ ಕಂಡದ್ದು ಹೀಗೆ, ಪಲ್ಲಕ್ಕಿಯ ಕಿಟಕಿಯಿಂದ. ಇಂಡಿಯಾದ ಉದ್ದಗಲ ಸುತ್ತಿದನೆಂದು ನಕಲಿ ಭಾಷಣ ಹೇಳುತ್ತದಲ್ಲ, 1835ರ ಆ ಫೆಬ್ರುವರಿಯ ಹೊತ್ತಿಗೆ ಆತ ನೋಡಿದ್ದ ಇಂಡಿಯಾ ಎಂದರೆ ಮದ್ರಾಸು, ಈ ದಾರಿ, ಊಟಿಯ ಬೆಟ್ಟ ಮತ್ತು ಕಲ್ಕತ್ತ, ಅಷ್ಟೇ.

ಇಷ್ಟು ಕಡಿಮೆ ಕಂಡವನು ಕಲ್ಕತ್ತೆಗೆ ಬಂದ ಕೆಲವೇ ತಿಂಗಳಲ್ಲಿ ಶಿಕ್ಷಣದ ಟಿಪ್ಪಣಿಯನ್ನು ಬರೆದ. ಸಂಸ್ಕೃತವನ್ನಾಗಲಿ ಅರಬ್ಬಿಯನ್ನಾಗಲಿ ತಾನು ಅರಿಯೆನೆಂದು ಅದರಲ್ಲೇ ಒಪ್ಪಿಕೊಂಡು, ಆ ಭಾಷೆಗಳ ಸಮಸ್ತ ಸಾಹಿತ್ಯ ಯುರೋಪಿನ ಒಂದು ಕಪಾಟಿನ ಪುಸ್ತಕಗಳಿಗೆ ಸಾಟಿಯಿಲ್ಲವೆಂದು ತೀರ್ಪು ಕೊಟ್ಟ. ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೇ ಹೋಗಬೇಕೆಂದು ವಾದಿಸಿದ, ಬೆಂಟಿಂಕ್ ಒಪ್ಪಿದ. ಈ ಟಿಪ್ಪಣಿಯನ್ನು ಓದಿದ ಯಾವ ಭಾರತೀಯನಿಗೂ ಮುಖ ಕೆಂಪಾಗದೆ ಇರದು. ಆದರೆ ಅದೇ ಮೆಕಾಲೆ, ಆಗ ಕಾರ್ಯಭಾರ ನೋಡುತ್ತಿದ್ದ ಚಾರ್ಲ್ಸ್ ಮೆಟ್ಕಾಫ್‌ನ ಜೊತೆ ನಿಂತು 1835ರಲ್ಲಿ ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆಯಿಸಿದ. ಮಾರನೆಯ ವರ್ಷ, ಮುಫಸ್ಸಿಲಿನ ಯುರೋಪಿಯನ್ನರ ಸಿವಿಲ್ ವ್ಯಾಜ್ಯಗಳನ್ನೂ ಭಾರತೀಯರಂತೆಯೇ ಕಂಪನಿಯ ನ್ಯಾಯಾಲಯಗಳ ಅಧಿಕಾರಕ್ಕೆ ಒಳಪಡಿಸುವ ಕಾಯ್ದೆಯನ್ನು ತಂದ. ಕಲ್ಕತ್ತೆಯ ಬಿಳಿಯರು ಅದಕ್ಕೆ ಕರಾಳ ಕಾಯ್ದೆ ಎಂದು ಹೆಸರಿಟ್ಟು, ತಮ್ಮ ಪತ್ರಿಕೆಗಳಲ್ಲಿ ಆತನನ್ನು ತಿಂಗಳುಗಟ್ಟಲೆ ಬೈದರು. ತಾನೇ ಬಿಡುಗಡೆ ಮಾಡಿದ ಪತ್ರಿಕೆಗಳು ತನ್ನನ್ನೇ ಬೈದಾಗಲೂ ಆತ ಅವುಗಳ ಬಾಯಿ ಮುಚ್ಚಿಸಲು ಹೋಗಲಿಲ್ಲ.

ಆತನ ಮುಖ್ಯ ಕೆಲಸ ಇನ್ನೊಂದಿತ್ತು. 1833ರ ಕಾಯ್ದೆಯಂತೆ ರಚನೆಯಾದ ಕಾನೂನು ಆಯೋಗಕ್ಕೆ ಮೆಕಾಲೆ ಅಧ್ಯಕ್ಷ. 1835ರ ಜೂನ್‌ನಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ದಂಡ ಸಂಹಿತೆಯನ್ನು ಸಿದ್ಧಪಡಿಸುವ ಹೊಣೆ ಅದಕ್ಕೆ ಬಂತು. ಆಗಿನ ಸ್ಥಿತಿ ವಿಚಿತ್ರವಾಗಿತ್ತು. ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳೊಳಗೆ ಇಂಗ್ಲಿಷ್ ಕಾನೂನು. ಬಂಗಾಳ ಮತ್ತು ಮದ್ರಾಸು ಪ್ರಾಂತಗಳ ಉಳಿದೆಡೆ ಕಂಪನಿಯ ರೆಗ್ಯುಲೇಷನ್ನುಗಳಿಂದ ತೇಪೆ ಹಾಕಿದ ಮುಸ್ಲಿಂ ದಂಡ ಕಾನೂನು. ಬೊಂಬಾಯಿ ಪ್ರಾಂತಕ್ಕೆ 1827ರಿಂದ ಅದರದೇ ಒಂದು ಸಂಹಿತೆ. ಒಂದೇ ಕೃತ್ಯಕ್ಕೆ ಊರು ಬದಲಾದಂತೆ ಶಿಕ್ಷೆ ಬದಲಾಗುತ್ತಿತ್ತು.

ಮನಸ್ಸಿನ ಪ್ರಶ್ನೆಯನ್ನು ಈ ಕಾನೂನುಗಳು ಎದುರಿಸುತ್ತಿದ್ದ ರೀತಿಯೂ ಬೇರೆ ಬೇರೆ. ಆಗ ಆಚರಣೆಯಲ್ಲಿದ್ದ ಮುಸ್ಲಿಂ ಕಾನೂನಿನಲ್ಲಿ ಕೊಲೆಗಾರನ ಉದ್ದೇಶವನ್ನು ಬಹುಮಟ್ಟಿಗೆ ಬಳಸಿದ ಆಯುಧದಿಂದ ಅಳೆಯುತ್ತಿದ್ದರು. ಹರಿತವಾದ ಆಯುಧದಿಂದ ಕೊಂದರೆ ಒಂದು ಲೆಕ್ಕ, ನೀರಿಗೆ ನೂಕಿ ಕೊಂದರೆ ಇನ್ನೊಂದು. 1790ರಲ್ಲಿ ಕಾರ್ನ್‌ವಾಲಿಸ್ ಇದನ್ನು ಬದಲಿಸಿ, ಕೊಂದ ಬಗೆಗಿಂತ ಕೊಂದವನ ಉದ್ದೇಶ ಮುಖ್ಯವೆಂದು ನಿಯಮ ಮಾಡಿದ. ಹಾಗೆಂದು ಇಂಗ್ಲಿಷ್ ಕಾನೂನೇನೂ ಶುದ್ಧವಾಗಿರಲಿಲ್ಲ. ಮನಸ್ಸು ತಪ್ಪಿತಸ್ಥವಾಗಿರದಿದ್ದರೆ ಕೃತ್ಯವೊಂದರಿಂದಲೇ ಯಾರೂ ಅಪರಾಧಿಯಾಗುವುದಿಲ್ಲವೆಂಬ ಲ್ಯಾಟಿನ್ ಸೂತ್ರವನ್ನು ಅಲ್ಲಿನ ಎಲ್ಲ ನ್ಯಾಯಾಧೀಶರೂ ಬಲ್ಲರು. ಆ ತಪ್ಪಿತಸ್ಥ ಮನಸ್ಸಿಗೇ ಮೆನ್ಸ್ ರಿಯಾ ಎಂದು ಹೆಸರು. ಆದರೆ ನಡೆಯುತ್ತಿದ್ದುದು ಬೇರೆ. ಘೋರ ಅಪರಾಧವೊಂದನ್ನು ಮಾಡುತ್ತಿರುವಾಗ ಕೇವಲ ಆಕಸ್ಮಿಕವಾಗಿ ಯಾರಾದರೂ ಸತ್ತರೂ ಅದನ್ನು ಕೊಲೆಯೆಂದೇ ಎಣಿಸಬಹುದಿತ್ತು. ಇಲ್ಲದ ಹಗೆಯನ್ನು ಇದೆಯೆಂದು ಭಾವಿಸಿಕೊಳ್ಳುವ ನ್ಯಾಯಾಧೀಶರ ಜಾಣ್ಮೆ ಅದಕ್ಕೆ ಆಧಾರ.

ಮೆಕಾಲೆ ಈ ಜಾಣ್ಮೆಯನ್ನು ಒಪ್ಪಲಿಲ್ಲ. ಆಯೋಗದ ಇತರ ಸದಸ್ಯರಲ್ಲಿ ಹಲವರು ಕಾಯಿಲೆ ಬಿದ್ದುದರಿಂದ ಭಾರದ ಬಹುಪಾಲು ಆತನ ಮೇಲೇ ಬಿತ್ತು. 1837ರ ಅಕ್ಟೋಬರ್‌ನಲ್ಲಿ 26 ಅಧ್ಯಾಯ, 488 ಕಲಮುಗಳ ಕರಡು ಸರ್ಕಾರದ ಕೈಸೇರಿತು. ಜೊತೆಗೆ ಕಾರಣಗಳನ್ನು ವಿವರಿಸುವ 18 ಟಿಪ್ಪಣಿಗಳು. ಮರಣದಂಡನೆಯನ್ನು ಆತ ಕೊಲೆಗೂ, ರಾಜ್ಯದ ವಿರುದ್ಧದ ಅತಿ ಘೋರ ಅಪರಾಧಕ್ಕೂ ಸೀಮಿತಗೊಳಿಸಿದ್ದ.

ಈ ಸಂಹಿತೆಯ ಒಂದು ವೈಶಿಷ್ಟ್ಯವನ್ನು ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಮೆನ್ಸ್ ರಿಯಾ ಎಂಬ ಮಾತು ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಎಲ್ಲ ಅಪರಾಧಗಳಿಗೂ ಅನ್ವಯಿಸುವ ಒಂದು ಸಾಮಾನ್ಯ ಸೂತ್ರವನ್ನು ಬರೆದು ಉಳಿದುದನ್ನು ನ್ಯಾಯಾಧೀಶರಿಗೆ ಬಿಡುವ ಬದಲು, ಪ್ರತಿ ಅಪರಾಧದ ವ್ಯಾಖ್ಯೆಯೊಳಗೇ ಅದಕ್ಕೆ ಬೇಕಾದ ಮನಸ್ಥಿತಿಯನ್ನು ಹೆಣೆಯಲಾಗಿದೆ. ಇನ್ನೊಬ್ಬರ ವಸ್ತುವನ್ನು ತೆಗೆದುಕೊಂಡರೆ ಸಾಲದು, ಅಪ್ರಾಮಾಣಿಕವಾಗಿ ತೆಗೆದುಕೊಂಡರೆ ಮಾತ್ರ ಕಳವು. ಮದುವೆಮನೆಯಿಂದ ನನ್ನದೆಂದು ತಿಳಿದು ನಿಮ್ಮ ಕೊಡೆಯನ್ನು ಒಯ್ದರೆ ನಾನು ಮರೆಗುಳಿ, ಕಳ್ಳನಲ್ಲ; ನಿಮ್ಮದೆಂದು ತಿಳಿದೂ ಒಯ್ದು ಇಟ್ಟುಕೊಂಡರೆ ಕಳ್ಳ. ಕೊಡೆಯೂ ಒಂದೇ, ಕೈಯೂ ಒಂದೇ. ಕಾನೂನು ವಿಚಾರಿಸುವುದು ಎರಡರ ನಡುವಿನ ಮನಸ್ಸನ್ನು.

ಆ ಮನಸ್ಸಿಗೂ ಮೆಟ್ಟಿಲುಗಳಿವೆ. ಸಾಯಲಿ ಎಂದೇ ಮಾಡಿದ್ದು ಉದ್ದೇಶ. ಸಾಯಲಿ ಎಂಬ ಬಯಕೆಯಿಲ್ಲ, ಆದರೆ ಸಾಯಬಹುದೆಂದು ಗೊತ್ತಿದ್ದೂ ಮಾಡಿದ್ದು ಅರಿವು. ಅಪಾಯವನ್ನು ಲೆಕ್ಕಿಸದೆ ಮುನ್ನುಗ್ಗಿದ್ದು ದುಡುಕು. ವಹಿಸಬೇಕಾದ ಎಚ್ಚರವನ್ನು ವಹಿಸದಿದ್ದುದು ನಿರ್ಲಕ್ಷ್ಯ. ಇವು ಯಾವುವೂ ಇಲ್ಲದೆ ಆದದ್ದು ಆಕಸ್ಮಿಕ, ಅದಕ್ಕೆ ಶಿಕ್ಷೆಯಿಲ್ಲ. ಏನನ್ನೂ ಮಾಡದೆ ಸುಮ್ಮನಿದ್ದವನ ಹೊಣೆಯನ್ನೂ ಆತ ಇದೇ ಬಗೆಯಲ್ಲಿ ವಿಂಗಡಿಸಿದ. ಭಿಕ್ಷುಕನಿಗೆ ಅನ್ನ ಹಾಕದ ಶ್ರೀಮಂತ ಕಟುಕನಿರಬಹುದು, ಕೊಲೆಗಾರನಲ್ಲ. ಕೈದಿಗೆ ಅನ್ನ ಕೊಡಬೇಕಾದ ಜೈಲರ್ ಕೊಡದೆ ಸಾಯಿಸಿದರೆ ಅವನು ಕೊಲೆಗಾರನಾಗಬಲ್ಲ. ಬುದ್ಧಿಭ್ರಮಣೆಯಿಂದ ಮಾಡಿದ ಕೃತ್ಯವನ್ನು ಆ ಕರಡು ಅಪರಾಧದ ಆಚೆಗಿಟ್ಟಿತು. ಈ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಮ್ಯಾಕ್‌ನಾಟನ್ ಪ್ರಕರಣದ ಬಳಿಕ ತಮ್ಮ ಪ್ರಸಿದ್ಧ ನಿಯಮಗಳನ್ನು ಹೇಳಿದ್ದು 1843ರಲ್ಲಿ, ಅಂದರೆ ಆರು ವರ್ಷಗಳ ನಂತರ.

ಆಕಸ್ಮಿಕ ಸಾವಿನ ವಿಷಯದಲ್ಲಿ ಮೆಕಾಲೆಯ ತರ್ಕ ಅರ್ಥಶಾಸ್ತ್ರಜ್ಞನೊಬ್ಬನ ತರ್ಕದಂತಿದೆ. ಜೇಬುಗಳ್ಳನೊಬ್ಬ ಇನ್ನೊಬ್ಬನ ಜೇಬಿಗೆ ಕೈ ಹಾಕುತ್ತಾನೆ; ಅಲ್ಲಿದ್ದ ಪಿಸ್ತೂಲು ಆಕಸ್ಮಿಕವಾಗಿ ಹಾರಿ ಜೇಬಿನ ಒಡೆಯ ಸಾಯುತ್ತಾನೆ. ಇವನನ್ನು ಗಲ್ಲಿಗೇರಿಸಿದರೆ ಯಾರಿಗೆ ಯಾವ ಪಾಠ? ಮುಂದಿನ ಜೇಬುಗಳ್ಳ ತನಗೆ ಗೊತ್ತೇ ಇಲ್ಲದ ಪಿಸ್ತೂಲಿನ ಬಗ್ಗೆ ಎಚ್ಚರ ವಹಿಸಲಾರ. ಜೇಬುಗಳ್ಳತನಕ್ಕೆ ಶಿಕ್ಷೆ ಸಾಲದೆನಿಸಿದರೆ ಎಲ್ಲ ಜೇಬುಗಳ್ಳರಿಗೂ ಹೆಚ್ಚಿಸಬೇಕು. ಎಲ್ಲರ ಶಿಕ್ಷೆಗೂ ನೇಣಿನ ಒಂದು ಅತ್ಯಲ್ಪ ಸಾಧ್ಯತೆಯನ್ನು ಅಂಟಿಸುವುದು ಶಿಕ್ಷೆ ಹೆಚ್ಚಿಸುವ ವಿಧಾನಗಳಲ್ಲೆಲ್ಲ ಕೆಟ್ಟದ್ದೆಂದು ಆತ ವಾದಿಸಿದ. ಕದಿಯಲೆಂದು ಕೋಳಿಗೆ ಗುಂಡು ಹಾರಿಸಿದವನು, ಪೊದೆಯ ಹಿಂದಿದ್ದ ಮನುಷ್ಯನ ಅರಿವಿಲ್ಲದೆ ಅವನನ್ನು ಕೊಂದರೆ ನರಹತ್ಯೆಯ ಅಪರಾಧಿಯಲ್ಲ ಎಂಬ ಉದಾಹರಣೆ ಮುಂದೆ ಜಾರಿಗೆ ಬಂದ ಸಂಹಿತೆಯಲ್ಲಿ ಸೇರಿತು. ಕೋಳಿ ಕಳ್ಳನಿಗೆ ಕಳವಿನ ಶಿಕ್ಷೆ. ಅವನು ಎಣಿಸಿಯೂ ಇರದ ಸಾವಿನ ಶಿಕ್ಷೆಯಲ್ಲ.

1838ರ ಆರಂಭದಲ್ಲಿ ಮೆಕಾಲೆ ಭಾರತವನ್ನು ಬಿಟ್ಟ. ಕರಡು ಕಪಾಟು ಸೇರಿತು. ನ್ಯಾಯಾಧೀಶರು ತಕರಾರು ತೆಗೆದರು, ಸಮಿತಿಗಳು ಪರಿಶೀಲಿಸಿದವು, ವರದಿಗಳ ಮೇಲೆ ವರದಿಗಳು ಬಂದವು. ಕಡತಗಳ ಗತಿಯನ್ನು ಬಲ್ಲ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇತ್ತ ಆತ ಮತ್ತೆ ಸಂಸತ್ ಸದಸ್ಯನಾದ, ಮಂತ್ರಿಯಾದ. ಆತನ ಇಂಗ್ಲೆಂಡಿನ ಇತಿಹಾಸ 1848ರಿಂದ ಸಂಪುಟ ಸಂಪುಟವಾಗಿ ಹೊರಬಂದು ಅಪಾರ ಓದುಗರನ್ನು ಗಳಿಸಿತು.

ಈ ಅವಧಿಯ ಒಂದು ಬರಹವನ್ನು ನಮ್ಮ ವಿಷಯದ ದೃಷ್ಟಿಯಿಂದ ಮರೆಯುವಂತಿಲ್ಲ. 1841ರಲ್ಲಿ ಆತ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಒಂದು ದೀರ್ಘ ಪ್ರಬಂಧ ಬರೆದ. ಹೇಸ್ಟಿಂಗ್ಸ್‌ನ ವಿರುದ್ಧ ಲಂಚದ ಆರೋಪ ಹೊರಿಸಿದ್ದ ಮಹಾರಾಜ ನಂದಕುಮಾರನನ್ನು, ಹಳೆಯ ಪತ್ರವೊಂದರ ಖೋಟಾ ಪ್ರಕರಣದಲ್ಲಿ 1775ರ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ಗಲ್ಲಿಗೇರಿಸಲಾಗಿತ್ತು. ಶಿಕ್ಷೆ ವಿಧಿಸಿದ ನ್ಯಾಯಪೀಠದ ಮುಖ್ಯಸ್ಥ ಎಲೈಜಾ ಇಂಪೆ. ಹೇಸ್ಟಿಂಗ್ಸ್‌ನನ್ನು ಪಾರುಮಾಡುವುದಕ್ಕೆಂದೇ ಇಂಪೆ ನ್ಯಾಯದ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಕೊಂದನೆಂದು ಮೆಕಾಲೆ ತೀರ್ಪಿತ್ತ. ಆತನ ಗದ್ಯದ ಮೋಡಿಯಲ್ಲಿ ಎರಡು ತಲೆಮಾರು ಅದನ್ನು ನಂಬಿತು. 1885ರಲ್ಲಿ, ಅದೇ ಕಾನೂನು ಸದಸ್ಯನ ಹುದ್ದೆಯಲ್ಲಿ ಇದ್ದು ಹೋಗಿದ್ದ ಮತ್ತು 1872ರ ಸಾಕ್ಷ್ಯ ಕಾಯ್ದೆಯನ್ನು ರಚಿಸಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎರಡು ಸಂಪುಟಗಳ ಗ್ರಂಥ ಬರೆದು ಮೊಕದ್ದಮೆಯ ದಾಖಲೆಗಳನ್ನೆಲ್ಲ ಶೋಧಿಸಿದ. ಪೀಠದಲ್ಲಿ ಇಂಪೆ ಒಬ್ಬನೇ ಇರಲಿಲ್ಲ, ನಾಲ್ವರು ನ್ಯಾಯಾಧೀಶರಿದ್ದರು. ತಪ್ಪಿತಸ್ಥನೆಂದು ಹೇಳಿದ್ದು ಜ್ಯೂರಿ. ಇಂಪೆಯ ದುರುದ್ದೇಶಕ್ಕೆ ಪುರಾವೆಯಿಲ್ಲ ಎಂದು ಆತ ತೋರಿಸಿದ. ನಂದಕುಮಾರನಿಗೆ ಆದ ಶಿಕ್ಷೆ ಕ್ರೂರವೆಂಬುದರಲ್ಲಿ ಇಂದಿಗೂ ಎರಡು ಮಾತಿಲ್ಲ. ಆದರೆ ಕ್ರೂರವಾದ ಫಲಿತಾಂಶವನ್ನು ನೋಡಿ ಕ್ರೂರವಾದ ಸಂಚನ್ನು ಊಹಿಸಿಕೊಳ್ಳಬಾರದೆಂಬುದು ಮೆಕಾಲೆಯದೇ ನಿಯಮವಾಗಿತ್ತು. ನಾಲ್ಕು ವರ್ಷದ ಹಿಂದೆ ಕರಡಿನಲ್ಲಿ ಬರೆದುದನ್ನು ಪ್ರಬಂಧ ಬರೆಯುವಾಗ ಆತ ಮರೆತಿದ್ದ.

ಮೆಕಾಲೆ ಮದುವೆಯಾಗಲಿಲ್ಲ. ಆತನ ಪ್ರೀತಿಯೆಲ್ಲ ತಂಗಿಯರ ಮೇಲೆ. ಜೊತೆಗೆ ಭಾರತಕ್ಕೆ ಬಂದಿದ್ದ ಹ್ಯಾನಾ ಕಲ್ಕತ್ತೆಯಲ್ಲೇ ಚಾರ್ಲ್ಸ್ ಟ್ರೆವೆಲ್ಯಾನ್‌ನನ್ನು ವರಿಸಿದಳು. ಅದರ ಬೆನ್ನಿಗೇ ಇಂಗ್ಲೆಂಡಿನಲ್ಲಿ ಇನ್ನೊಬ್ಬ ತಂಗಿ ಮಾರ್ಗರೆಟ್ ತೀರಿಕೊಂಡ ಸುದ್ದಿ ಬಂತು. ಶಿಕ್ಷಣದ ಟಿಪ್ಪಣಿ ಬರೆದದ್ದು ಆ ದುಃಖದ ದಿನಗಳಲ್ಲೇ. ಕೊನೆಗಾಲದಲ್ಲಿ ಟ್ರೆವೆಲ್ಯಾನ್ ಮದ್ರಾಸಿನ ಗವರ್ನರ್ ಆದಾಗ, ಹ್ಯಾನಾ ಮತ್ತೆ ಭಾರತಕ್ಕೆ ಹೊರಡುತ್ತಾಳೆಂಬ ಚಿಂತೆ ಆತನನ್ನು ಕುಗ್ಗಿಸಿತು. 1859ರ ಡಿಸೆಂಬರ್ 28ರಂದು ತನ್ನ ಗ್ರಂಥಾಲಯದ ಕುರ್ಚಿಯಲ್ಲಿ ಆತ ಕೊನೆಯುಸಿರೆಳೆದ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಯಿತು.

ಅಷ್ಟರಲ್ಲಿ 1857ರ ದಂಗೆ ನಡೆದು, ಕಂಪನಿಯ ಆಳ್ವಿಕೆ ಮುಗಿದು, ಏಕರೂಪದ ಕಾನೂನಿನ ತುರ್ತು ಸರ್ಕಾರಕ್ಕೆ ಅರಿವಾಗಿತ್ತು. ಬಾರ್ನ್ಸ್ ಪೀಕಾಕ್ ಪರಿಷ್ಕರಿಸಿದ ಕರಡು 1860ರ ಅಕ್ಟೋಬರ್ 6ರಂದು ಭಾರತೀಯ ದಂಡ ಸಂಹಿತೆಯೆಂಬ ಕಾಯ್ದೆಯಾಯಿತು; 1862ರ ಜನವರಿ 1ರಂದು ಜಾರಿಗೆ ಬಂತು. ರಚಿಸಿದವನು ಕಣ್ಣು ಮುಚ್ಚಿ ಒಂಬತ್ತು ತಿಂಗಳಾಗಿತ್ತು. ದುಡುಕು ಅಥವಾ ನಿರ್ಲಕ್ಷ್ಯದಿಂದಾದ ಸಾವಿನ ಬಗ್ಗೆ ಆತ ಬರೆದಿದ್ದ ಕಲಮನ್ನು ಪರಿಷ್ಕರಿಸಿದವರು ಕೈಬಿಟ್ಟಿದ್ದರು. ಹತ್ತು ವರ್ಷದೊಳಗೆ ಅದರ ಕೊರತೆ ತಿಳಿದು 1870ರಲ್ಲಿ 304-ಎ ಎಂದು ಮತ್ತೆ ಸೇರಿಸಬೇಕಾಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಆ ಕಾಯ್ದೆಯ ಸ್ಥಾನಕ್ಕೆ ಬಂತು. 511 ಕಲಮುಗಳಿದ್ದ ಕಡೆ ಈಗ 358. ಆದರೆ ಕೊಲೆ, ನರಹತ್ಯೆ, ಕಳವು, ಆಕಸ್ಮಿಕಗಳ ವ್ಯಾಖ್ಯೆಗಳನ್ನು ತೆರೆದು ನೋಡಿದರೆ ಹಳೆಯ ಮೆಟ್ಟಿಲುಗಳೇ ಕಾಣುತ್ತವೆ. ಪೊದೆಯ ಹಿಂದಿನ ಮನುಷ್ಯನೂ ಕೋಳಿಯೂ ಹೊಸ ಸಂಹಿತೆಯ 100ನೇ ಕಲಮಿನ ಕೆಳಗೆ ಹಾಗೆಯೇ ಇದ್ದಾರೆ.

ಇದೆಲ್ಲ ಕೇವಲ ಚರಿತ್ರೆಯ ವಿಷಯವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರದ ಕೆಲಸ ಹೆಚ್ಚಿದಂತೆ, ದಂಡ ಸಂಹಿತೆಯ ಹೊರಗೆ ಹೊಸ ಅಪರಾಧಗಳ ಕಾಯ್ದೆಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ಮನಸ್ಸಿನ ಮಾತೇ ಇರುವುದಿಲ್ಲ. ಉಲ್ಲಂಘನೆಯಾಯಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. 1962ರಲ್ಲಿ ಜ್ಯೂರಿಕ್‌ನಿಂದ ಮನಿಲಾಕ್ಕೆ ಹೊರಟ ವಿದೇಶಿ ಪ್ರಯಾಣಿಕನೊಬ್ಬ ಮುಂಬಯಿಯಲ್ಲಿ 34 ಕಿಲೋ ಚಿನ್ನದೊಂದಿಗೆ ಸಿಕ್ಕಿಬಿದ್ದ. ಭಾರತದ ಹೊಸ ಅಧಿಸೂಚನೆ ತನಗೆ ಗೊತ್ತಿರಲಿಲ್ಲವೆಂಬ ಆತನ ವಾದವನ್ನು ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. 1965ರಲ್ಲಿ ಮಧ್ಯಪ್ರದೇಶದ ಧಾನ್ಯ ವ್ಯಾಪಾರಿ ನಾಥೂಲಾಲ್ ಅವರ ಪ್ರಕರಣದಲ್ಲಿ ಅದೇ ಸುಬ್ಬರಾವ್ ಅವರ ನಿಲುವು ಗೆದ್ದಿತು. ಪರವಾನಗಿಗೆ ಅರ್ಜಿ ಹಾಕಿ, ಅದು ಬಂದೇ ಬರುತ್ತದೆಂಬ ಪ್ರಾಮಾಣಿಕ ನಂಬಿಕೆಯಿಂದ ಗೋಧಿ ದಾಸ್ತಾನು ಮಾಡಿದವನನ್ನು ಅಪರಾಧಿಯೆನ್ನಲಾಗದೆಂದು ಕೋರ್ಟು ಹೇಳಿತು. ಸಂಸತ್ತು ಸುಮ್ಮನಿರಲಿಲ್ಲ. ಅಗತ್ಯ ವಸ್ತುಗಳ ಕಾಯ್ದೆಯನ್ನು ತಿದ್ದಿತು. 1974ರ ತಿದ್ದುಪಡಿಯಿಂದ ತಪ್ಪಿತಸ್ಥ ಮನಸ್ಸು ಇತ್ತೆಂದೇ ಮೊದಲಿಗೆ ಭಾವಿಸಿ, ಇರಲಿಲ್ಲವೆಂದು ಸಾಬೀತು ಮಾಡುವ ಹೊರೆಯನ್ನು ಆರೋಪಿಯ ಮೇಲೆ ಹೊರಿಸಿತು.

ಆ ಹೊರೆಯ ತೂಕವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 1990ರ ದಶಕದಲ್ಲಿ ಉಪವಿಭಾಗವೊಂದರ ಅಧಿಕಾರಿಯಾಗಿದ್ದಾಗ ಒಬ್ಬ ಧಾನ್ಯ ವ್ಯಾಪಾರಿಯ ದಾಸ್ತಾನನ್ನು ಜಪ್ತಿ ಮಾಡಿಸಿ ಮೊಕದ್ದಮೆಗೆ ಶಿಫಾರಸು ಮಾಡಿದೆ. ಪರವಾನಗಿಯ ಅವಧಿ ಮುಗಿದಿತ್ತು. ಉಲ್ಲಂಘನೆ ಕಣ್ಣೆದುರಿಗೇ ಇತ್ತು. ನವೀಕರಣದ ಅರ್ಜಿ, ಶುಲ್ಕದ ಚಲನಿನ ಸಮೇತ, ಅವಧಿಗೆ ಮುಂಚೆಯೇ ಬಂದು ನನ್ನದೇ ಕಚೇರಿಯ ಗುಮಾಸ್ತರ ಮೇಜಿನಲ್ಲಿ ಕುಳಿತಿತ್ತೆಂಬುದು ತಿಳಿದದ್ದು ಆಮೇಲೆ. ಆ ಮನುಷ್ಯ ಕಡೆಗೆ ಬಿಡುಗಡೆಯಾದರು. ಆದರೆ ಅಷ್ಟು ಹೊತ್ತಿಗೆ ಕೋರ್ಟಿಗೆ ಅಲೆದು ಅಲೆದು ಅಂಗಡಿ ಮುಚ್ಚಿದ್ದರು. ಅವರನ್ನು ನಾನು ಒಂದು ಪ್ರಶ್ನೆ ಕೇಳಬಹುದಿತ್ತು, ಕೇಳಲಿಲ್ಲ. ಕೇಳಬೇಕೆಂದು ಕಾಯ್ದೆಯೂ ನನ್ನನ್ನು ಒತ್ತಾಯಿಸಲಿಲ್ಲ. ಮೆಕಾಲೆಯ ಕರಡನ್ನೂ ಟಿಪ್ಪಣಿಗಳನ್ನೂ ನಿವೃತ್ತಿಯ ನಂತರ ಓದುವಾಗ ಆ ವ್ಯಾಪಾರಿಯ ಮುಖ ಮತ್ತೆ ಮತ್ತೆ ನೆನಪಾಯಿತು.

ಈಗ ಮೆಕಾಲೆಯನ್ನೇ ಆತನ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ನೋಡೋಣ. ಭಾರತೀಯ ಸಂಸ್ಕೃತಿಯ ಬೆನ್ನೆಲುಬು ಮುರಿಯುವ ಉದ್ದೇಶವೆಂಬ ಆರೋಪಕ್ಕೆ ಇರುವ ಸಾಕ್ಷ್ಯ ಖೋಟಾ. 1833ರ ಜುಲೈನಲ್ಲಿ ಆತ ಸಂಸತ್ತಿನಲ್ಲಿ ನಿಜವಾಗಿ ಮಾಡಿದ ಭಾಷಣದಲ್ಲಿ, ಭಾರತೀಯರು ಮುಂದೊಂದು ದಿನ ಯುರೋಪಿನ ಮಾದರಿಯ ಆಡಳಿತ ಸಂಸ್ಥೆಗಳನ್ನು ತಾವೇ ಕೇಳುವಂತಾದರೆ ಅದು ಇಂಗ್ಲೆಂಡಿಗೆ ಹೆಮ್ಮೆಯ ದಿನವೆಂದಿದ್ದ. ಅದೂ ದಾಖಲೆಯಲ್ಲಿದೆ. ಇಂಗ್ಲಿಷ್ ಶಿಕ್ಷಣ ಹರಡಿದರೆ ಬಂಗಾಳದ ಉತ್ತಮ ವರ್ಗಗಳಲ್ಲಿ ಮೂವತ್ತು ವರ್ಷದೊಳಗೆ ವಿಗ್ರಹಾರಾಧಕರೇ ಉಳಿಯುವುದಿಲ್ಲವೆಂದು 1836ರಲ್ಲಿ ತಂದೆಗೆ ಬರೆದುದೂ ದಾಖಲೆಯಲ್ಲಿದೆ. ನಮ್ಮ ನಂಬಿಕೆಗಳ ಬಗ್ಗೆ ಆತನಿಗಿದ್ದ ತಿರಸ್ಕಾರಕ್ಕೆ ಪುರಾವೆ ಬೇಕಾದಷ್ಟಿದೆ, ನಕಲಿಯ ಅಗತ್ಯವಿಲ್ಲ. ಓದದ ಭಾಷೆಗಳ ಸಾಹಿತ್ಯಕ್ಕೆ ಬೆಲೆ ಕಟ್ಟಿದ್ದು ಆತನದೇ ಸಂಹಿತೆಯ ಮಾತಿನಲ್ಲಿ ಹೇಳುವುದಾದರೆ ದುಡುಕು. ದುಡುಕಿನ ಹಾನಿ ದೊಡ್ಡದಿರಬಹುದು. ಆದರೂ ಅದನ್ನು ಸಂಚೆಂದು ಕರೆದರೆ ಎರಡು ಬೇರೆ ಕಲಮುಗಳನ್ನು ಒಂದು ಮಾಡಿದಂತೆ.

ಈ ವ್ಯತ್ಯಾಸದಿಂದ ಮೆಕಾಲೆಗೆ ಇನ್ನು ಆಗಬೇಕಾದ ಲಾಭವೇನೂ ಇಲ್ಲ. ಲಾಭ ನಮಗೆ. ಸತ್ತವನ ಮನಸ್ಸನ್ನು ಖೋಟಾ ಕಾಗದದಿಂದ ಓದಲು ಒಪ್ಪುವ ಸಮಾಜ, ನಾಳೆ ನೆರೆಯವನ ಮನಸ್ಸನ್ನೂ ಹಾಗೆಯೇ ಓದಲು ಹಿಂಜರಿಯುವುದಿಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಅತಿ ಸಾಮಾನ್ಯ ಮನುಷ್ಯನಿಗೂ ನಾವು ಒಂದು ಪ್ರಶ್ನೆಯ ಋಣಿಗಳು: ನಿನ್ನ ಮನಸ್ಸಿನಲ್ಲಿ ಏನಿತ್ತು? ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಕಾನೂನು ಬರೆದವನಿಗೂ ಅದನ್ನು ಕೇಳಿ, ಉತ್ತರವನ್ನು ನಿಜವಾದ ದಾಖಲೆಗಳಲ್ಲಿ ಹುಡುಕಿ, ಆಮೇಲೆ ಬೇಕಾದರೆ ಶಿಕ್ಷೆ ವಿಧಿಸೋಣ.